ಉಪ್ಪಿನ ಮಗ

ಹೆಣದ ಅಂಗಿಯನ್ನು ಮರೇಖಿ ಎರಡು ಸಲ ಕೊಡವಿದಳು. ಮೂರನೆಯ ಸಲ ಕೊಡವಿದಾಗ ಮಡಿಕೆಯೊಳಗಿಂದ ಒಂದು ಚರ್ಮದ ಗಂಟು ಜಾರಿ, ಅತ್ತೆ ಮಲಗಿದ್ದ ಹಲಗೆಯ ಅಂಚಿಗೆ ಬಡಿದು ನೆಲಕ್ಕೆ ಬಿತ್ತು.

"ಏನೇ ಅದು?" ಎಂದಳು ನೆರೆಮನೆಯ ನತೇಲ. ಅವಳು ಸತ್ತವಳ ಕಾಲು ತೊಳೆಯುತ್ತಿದ್ದಳು.

ಮರೇಖಿ ಗಂಟನ್ನು ಎತ್ತಿಕೊಂಡು ಬೆರಳಲ್ಲಿ ಒತ್ತಿ ನೋಡಿದಳು. ಹರಳು ಹರಳಾಗಿ ಸಿಕ್ಕಿತು. ಒಂದು ಹಿಡಿಗಿಂತ ಹೆಚ್ಚಿರಲಿಲ್ಲ. ಕಟ್ಟಿದ ದಾರ ಕಪ್ಪಾಗಿತ್ತು; ಒಮ್ಮೆಯೂ ಬಿಚ್ಚಿದ ಗುರುತಿರಲಿಲ್ಲ.

"ಉಪ್ಪು."

"ಉಪ್ಪಾ! ಕೊಡಿಲ್ಲಿ. ಹೊರಗೆ ಮೂರು ಹಂಡೆ ಕಾಳು ಬೇಯ್ತಾ ಇದೆ, ಮನೇಲಿ ಒಂದು ಹರಳು ಉಪ್ಪಿಲ್ಲ. ಗುಲ್ಕಾನಕ್ಕ ಜಾಣೆ ಕಣೇ. ತನ್ನ ಸಾವಿನ ಊಟಕ್ಕೆ ತಾನೇ ಉಪ್ಪು ಕಟ್ಟಿಟ್ಟು ಹೋಗಿದ್ದಾಳೆ."

"ಮೂರು ಹಂಡೆಗೆ ಒಂದು ಹಿಡಿ ಎಲ್ಲಿಗೆ ಸಾಲುತ್ತೆ? ಬಿಡು." ಮರೇಖಿ ಗಂಟನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡಳು.

ನತೇಲ ಮತ್ತೆ ಕಾಲಿಗೆ ನೀರು ಹೊಯ್ದಳು. "ಈ ಹಿಮ್ಮಡಿ ನೋಡು, ಕಲ್ಲಿನ ಹಾಗಿದೆ. ಒಂದು ದಿನ ಸುಮ್ನೆ ಕೂತೋಳಲ್ಲ. ಹೋದ ವರ್ಷ ನನ್ನ ಹತ್ರ ಒಂದು ದುಂಡು ಗಿಣ್ಣಿನ ಗಡ್ಡೆ ಸಾಲ ತಗೊಂಡಿದ್ಲು. ವಾಪಸ್ಸು ಕೊಡೋವಾಗ ದಾರ ಹಿಡಿದು ಸುತ್ತಳತೆ ನೋಡಿ, ಹೆಚ್ಚಿದ್ದ ಉಗುರಷ್ಟು ಕೊಯ್ದಿಟ್ಕೊಂಡ್ಲು! ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ಈಗ ನೋಡು, ಅಳು ಬರ್ತಾ ಇದೆ."

ಹೊರಗಿನಿಂದ ಸಾಣೆಕಲ್ಲಿನ ಸದ್ದು ಬರುತ್ತಿತ್ತು. ಬೆಳಗಿನಿಂದ ಅದು ನಿಂತಿರಲಿಲ್ಲ.

"ನಿನ್ನ ಮಗ ಇನ್ನೂ ಮಸೆದ್ರೆ ಕತ್ತೀಲಿ ಹಿಡಿ ಒಂದೇ ಉಳಿಯೋದು" ಎಂದಳು ನತೇಲ. "ಹೋಗಿ ಸಾಕು ಅನ್ಬಾರ್ದೇನೆ?"

"ನೀನೇ ಅನ್ನು."

"ನಾನ್ಯಾಕೆ ಅನ್ಲಿ? ನನಗೆ ನನ್ನ ಮೂಗು ಬೇಕು."

ಮಸೆಯುತ್ತಿದ್ದವನು ಓತರ್, ಮರೇಖಿಯ ಒಬ್ಬನೇ ಮಗ. ಇಪ್ಪತ್ತು ವರ್ಷ. ಅವನು ತೊಟ್ಟಿಲಲ್ಲಿದ್ದಾಗ ಅವನಪ್ಪ ಮೀಖಾನನ್ನು ಕೆಳಗಿನ ಊರಿನ ಇವಾನೆ ಹುಲ್ಲು ಕೊಯ್ಯುವ ಬಯಲಿನಲ್ಲಿ ಇರಿದು ಕೊಂದಿದ್ದ. ಆ ಇವಾನೆ ಇವತ್ತು ಈ ಮನೆಗೆ ಬರುತ್ತಾನೆ. ಬಂದು ಗುಲ್ಕಾನಳ ಚಟ್ಟಕ್ಕೆ ತಲೆಯ ಕಡೆ ಹೆಗಲು ಕೊಡುತ್ತಾನೆ. ಯಾಕೆಂದರೆ ಕಣಿವೆಯ ಕಟ್ಟಳೆಯ ಪ್ರಕಾರ ಅವನು ಈ ಮನೆಯ ಮಗ.

ಅದನ್ನು ತಡೆಯಲು ಒಂದು ಮಾತು ಸಾಕಿತ್ತು. ಆ ಮಾತು ಗೊತ್ತಿದ್ದವರು ಇಬ್ಬರೇ. ಒಬ್ಬಳು ಹಲಗೆಯ ಮೇಲೆ ಮಲಗಿದ್ದಳು.

*

ಅಂಗಳದಲ್ಲಿ ಮನೆಯ ಕಾವಲು ಬುರುಜಿನ ನೆರಳು ಅರ್ಧಕ್ಕೆ ಬಂದಿತ್ತು. ಬುರುಜಿಗೆ ಒರಗಿ ಕೂತಿದ್ದವನು ಚೊರ್ಲಾ ಅಜ್ಜ, ಊರಿನ ಹಿರಿಯ. ಜಗಳ ಬಿಡಿಸುವುದೇ ಅವನ ಬಾಳಾಗಿತ್ತು. ಹಾಗಾಗಿ ಯಾರ ಮೇಲೂ ಅವನಿಗೆ ನಂಬಿಕೆಯಿರಲಿಲ್ಲ.

"ತಲೆ ಕಡೆ ಒಂದು ಕೋಲು ನಾನು ಹಿಡೀತೀನಿ" ಎಂದ ಓತರ್, ಕತ್ತಿಯಿಂದ ಕಣ್ಣೆತ್ತದೆ. "ಇನ್ನೊಂದು ಯಾರು ಬೇಕಾದ್ರೂ ಹಿಡೀಲಿ. ಅವನು ಮಾತ್ರ ಬೇಡ."

"ಮಗ ಇರೋವಾಗ ಬೇರೆಯವರು ಹಿಡಿಯೋ ಹಾಗಿಲ್ಲ."

"ಅಜ್ಜಿಯ ಮಗನ್ನ ಹೂತು ಹತ್ತೊಂಬತ್ತು ವರ್ಷ ಆಯ್ತು. ಯಾಕೆ ಹೂತ್ರು ಅಂತ ನಿನಗೆ ಮರೆತಿರ್ಬೇಕು. ವಯಸ್ಸಾಯ್ತಲ್ಲ."

"ನಾಲಿಗೆ ಬಿಗಿ ಹಿಡಿದು ಮಾತಾಡು!" ಚೊರ್ಲಾ ಕೋಲನ್ನು ನೆಲಕ್ಕೆ ಕುಟ್ಟಿದ. "ನಿಮ್ಮಪ್ಪನ ಹೆಣ ಬಯಲಿಂದ ಹೊತ್ತು ತಂದೋನು ನಾನು. ಅದಕ್ಕೆ ಎರಡು ವರ್ಷ ಮುಂಚೆ ನಿಮ್ಮ ತಾತನ ತಮ್ಮ ಇವಾನೆಯ ಅಪ್ಪನ್ನ ಕೊಂದಿದ್ದ. ಆ ಹೆಣಾನೂ ನಾನೇ ಹೊತ್ತೆ. ಅದಕ್ಕೂ ಮುಂಚೆ ಅವರು ನಿಮ್ಮ ತಾತನ್ನ..."

"ಸಾಕು ಅಜ್ಜ, ಲೆಕ್ಕ ಗೊತ್ತು."

"ಲೆಕ್ಕ ಗೊತ್ತಿದ್ರೆ ಸಾಲ್ದು. ನಿಂತಿದ್ದು ಹೇಗೆ ಅಂತಾನೂ ಗೊತ್ತಿರ್ಬೇಕು. ಇದೇ ಅಂಗಳದಲ್ಲಿ ಹನ್ನೆರಡು ಜನ ನಿಂತಿದ್ವಿ. ನಿಮ್ಮಜ್ಜಿ ಎದೆ ಮೇಲೆ ಉಪ್ಪು ಹಾಕ್ಕೊಂಡ್ಲು. ಅವನು ಮೂರು ಸಲ ತುಟಿ ಮುಟ್ಟಿಸಿ, ನೀನು ತಾಯಿ ನಾನು ಮಗ ಅಂದ. ಉಪ್ಪಿನ ಮಗ ಆದ. ಅಜ್ಜಿ ಸತ್ರೂ ಅದು ಸಾಯಲ್ಲ. ಅವನ ಮೈ ಮುಟ್ಟಿ ನೋಡು, ಚಿಕ್ಕಪ್ಪನ್ನ ಕೊಂದೋನು ಅಂತ ಹಿಮದ ಮೇಲೆ ಬರಿಗಾಲಲ್ಲಿ ಓಡಿಸ್ತೀವಿ."

ಓತರ್ ಮಸೆಯುವುದನ್ನು ನಿಲ್ಲಿಸಿದ. "ಅವತ್ತು ಅದರಲ್ಲಿ ಏನಾದ್ರೂ ಕಮ್ಮಿಯಾಗಿದ್ರೆ?"

"ಕಮ್ಮಿ ಅಂದ್ರೆ?"

"ಎರಡೇ ಸಲ ಮುಟ್ಟಿದ್ರೆ? ಮಾತು ತಪ್ಪಿದ್ರೆ? ಉಪ್ಪು ಸರಿ ಬೀಳ್ದೆ ಇದ್ರೆ?"

"ಹಾಗಾಗಿದ್ರೆ ರಾಜಿನೇ ಆಗಿಲ್ಲ ಅಂತ ಅರ್ಥ. ನಿನ್ನ ಕತ್ತಿ, ನಿನ್ನಿಷ್ಟ. ಆದ್ರೆ ಹಾಗಾಗಿಲ್ಲ. ಮೂರಡಿ ದೂರದಲ್ಲಿ ನಾನೇ ನಿಂತಿದ್ದೆ."

ಓತರ್ ತಿರುಗಿದ. ಬಾಗಿಲಲ್ಲಿ ತಾಯಿ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು.

"ಅಮ್ಮ, ನೀನೂ ಅಲ್ಲಿದ್ಯಲ್ಲ. ಎಲ್ಲ ಸರಿಯಾಗಿ ಆಯ್ತಾ?"

ಮಾತು ಮರೇಖಿಯ ಹಲ್ಲಿನ ಹಿಂದೆ ಬಂದು ನಿಂತಿತು. ಹೇಳಿಬಿಟ್ಟರೆ ಮುಗಿಯಿತು. ಮೀಖಾನ ಅಂಗಿ ಪೆಟ್ಟಿಗೆಯಲ್ಲಿ ಇನ್ನೂ ಇತ್ತು, ತೂತಿನ ಸಮೇತ.

"ಅಜ್ಜಿಗೆ ಇನ್ನೂ ಅಂಗಿ ಹಾಕಿಲ್ಲ" ಎಂದಳು. "ಬಿಂದಿಗೆ ತಗೊಂಡು ನೀರು ತಾ."

*

ಅವತ್ತು ಇವಾನೆಗೆ ಹದಿನೆಂಟು. ತಲೆ ಬೋಳಿಸಿ, ಶರಣು ಬಂದ ಗುರುತಿಗೆ ಸೊಂಟದ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಬರಿಗಾಲಲ್ಲಿ ಬಂದಿದ್ದ. ಅಂಗಳದಲ್ಲಿ ಪಾದ್ರಿ ಸಂತನ ಪಟ ಹಿಡಿದು ನಿಂತಿದ್ದ. ರಾಜಿ ಆಗುವುದಿಲ್ಲ ಎಂದು ಗುಲ್ಕಾನ್ ಮೂರು ಸಲ ಹೇಳಿದ್ದಳು. ನಾಲ್ಕನೆಯ ಸಲ ಚೊರ್ಲಾ ತೆರೆದ ಬಾಗಿಲೊಳಗಿನ ತೊಟ್ಟಿಲನ್ನು ತೋರಿಸಿದ. ಗುಲ್ಕಾನ್ ಎದ್ದು ಒಳಗೆ ಬಂದಳು.

ಮರೇಖಿ ಮಗುವಿಗೆ ಹಾಲೂಡುತ್ತಾ ಮೂಲೆಯಲ್ಲಿ ಕೂತಿದ್ದಳು. ಅತ್ತೆ ಉಪ್ಪಿನ ಮರಿಗೆಯ ಮುಚ್ಚಳ ತೆಗೆದಳು. ಒಂದು ಗಳಿಗೆ ನೋಡಿದಳು. ಮುಚ್ಚಳ ಮತ್ತೆ ಹಾಕಿ, ಪಕ್ಕದ ಮರಿಗೆಗೆ ಕೈಹಾಕಿ ಬಟ್ಟಲ ತುಂಬ ಜವೆಗೋಧಿಯ ಹಿಟ್ಟು ತುಂಬಿಕೊಂಡಳು. ತಿರುಗಿದಾಗ ಸೊಸೆಯ ಕಣ್ಣು ಸಿಕ್ಕಿತು.

"ಬಾಯಿ ಮುಚ್ಕೊಂಡಿರು" ಎಂದಳು ಗುಲ್ಕಾನ್.

ಹೊರಗೆ ಎಲ್ಲವೂ ಕಟ್ಟಳೆಯಂತೆಯೇ ನಡೆಯಿತು. ಗಂಡಸರು ನಾಚಿಕೆಗೆ ಅರ್ಧ ಮುಖ ತಿರುಗಿಸಿದ್ದರು. ಇವಾನೆ ಬಾಗಿ ಮೊದಲ ಸಲ ತುಟಿ ಮುಟ್ಟಿಸಿದಾಗ ಅವನ ಬೆನ್ನು ಒಮ್ಮೆ ಸೆಟೆದದ್ದನ್ನು ಮರೇಖಿ ಬಾಗಿಲ ಸಂದಿಯಿಂದ ಕಂಡಳು. ಅಂಜಿಕೆ ಇರಬೇಕು ಎಂದುಕೊಂಡಳು. ಎರಡನೆಯ ಸಲ. ಮೂರನೆಯ ಸಲ. ನೀನು ತಾಯಿ, ನಾನು ಮಗ. ಹನ್ನೆರಡು ಜನರೂ ಒಟ್ಟಿಗೆ ಉಸಿರು ಬಿಟ್ಟರು.

ಮರುದಿನ ಬೆಳಗ್ಗೆ ಹಸುವಿನ ಕೆಚ್ಚಲು ತೊಳೆಯುತ್ತಾ ಗುಲ್ಕಾನ್ ಹೇಳಿದಳು: "ಉಪ್ಪು ನಾನು ಹೆತ್ತೋನಿಗೆ. ಕೊಂದೋನಿಗಲ್ಲ. ರಾಜಿ ಇಲ್ಲ ಅಂದಿದ್ರೆ ತೊಟ್ಟಿಲಲ್ಲಿರೋದನ್ನೂ ಉಳಿಸ್ತಿರ್ಲಿಲ್ಲ ಅವರು. ಅದು ದೊಡ್ಡದಾಗ್ಲಿ. ಆಮೇಲೆ ಹೇಳೋದು, ಬಿಡೋದು ನಿನಗೆ ಸೇರಿದ್ದು."

ಮರೇಖಿ ಆ ಮಾತಿನ ಮೇಲೆ, ಹಸಿ ಗಿಣ್ಣಿನ ಮೇಲೆ ಕಲ್ಲು ಹೇರುವ ಹಾಗೆ, ಹತ್ತೊಂಬತ್ತು ವರ್ಷ ಭಾರ ಹೇರಿಟ್ಟಳು.

*

ಇವಾನೆ ಮಧ್ಯಾಹ್ನದ ಹೊತ್ತಿಗೆ ಬಂದ. ಕಣಿವೆಯಾಚೆ ಉಪ್ಪಿಗೆ ಹೋಗಿದ್ದವನಿಗೆ ದಾರಿಯಲ್ಲಿ ಕುರಿಗಾಹಿಗಳು ಸುದ್ದಿ ಮುಟ್ಟಿಸಿದ್ದರು. ಎರಡು ದಿನದ ದಾರಿಯನ್ನು ಒಂದೇ ದಿನ ನಡೆದಿದ್ದ. ಹೇಸರಗತ್ತೆಯ ಹೊಟ್ಟೆ ಬೆವರಿನಲ್ಲಿ ತೋಯ್ದಿತ್ತು. ಅಂಗಳದ ಗಡಿಯ ಕಲ್ಲಿನ ಹತ್ತಿರ ನಿಂತು ಸೊಂಟದ ಕತ್ತಿ ಬಿಚ್ಚಿ ಕಲ್ಲಿನ ಮೇಲಿಟ್ಟ. ಟೋಪಿ ತೆಗೆದ. ಅವನ ತಲೆ ಅರ್ಧ ನರೆತಿತ್ತು.

ಓತರ್ ಎದುರಿಗೆ ಹೋಗಿ ನಿಂತ. "ಯಾರ ಮನೆಗೆ ಬಂದೆ?"

"ಅಮ್ಮ ಹೋದಳು ಅಂದ್ರು."

"ನಿಮ್ಮಮ್ಮ ಹೋಗಿ ಆರು ವರ್ಷ ಆಯ್ತು. ನಿಮ್ಮಪ್ಪನ ರಕ್ತದ ಅಂಗಿ ಎದುರಿಗಿಟ್ಟು ನಿನ್ನನ್ನ ನಮ್ಮಪ್ಪನ ಮೇಲೆ ಛೂ ಬಿಟ್ಟೋಳು."

"ಹೌದು. ಅವಳೂ ಹೋದಳು."

"ಆ ಕತ್ತಿ ತಗೋ. ಬರಿಗೈಯವನನ್ನ ಹೊಡೆದ ಅಂತ ನಾನು ಹೇಳಿಸ್ಕೊಳ್ಳಲ್ಲ."

ಇವಾನೆ ಹೇಸರಗತ್ತೆಯ ಹಗ್ಗ ಬಿಚ್ಚತೊಡಗಿದ. "ಹಂಡೆ ಮೇಲೆ ಕಾಳಿದೆ. ವಾಸನೆ ಬರ್ತಾ ಇದೆ. ಮೊದ್ಲು ಉಪ್ಪು ಇಳಿಸ್ತೀನಿ."

"ಅಯ್ಯೋ, ಇಳಿಸೋಕೆ ಬಿಡಪ್ಪ ಓತರ್!" ನತೇಲ ಸೌಟು ಎತ್ತಿ ಕೂಗಿದಳು. "ಕೊಲ್ಲೋದಾದ್ರೆ ಉಪ್ಪು ಇಳಿಸಿದ ಮೇಲೆ ಕೊಲ್ಲು. ಐವತ್ತು ಜನ ಸಪ್ಪೆ ಉಣ್ಬೇಕಾ?"

ಯಾರೋ ನಕ್ಕರು. ಓತರನ ಕಿವಿ ಕೆಂಪಾಯಿತು. ಚೊರ್ಲಾ ಇಬ್ಬರ ನಡುವೆ ಕೋಲು ಚಾಚಿದ.

"ಮೂಟೆ ಒಳಗೆ ತಾ" ಎಂದಳು ಮರೇಖಿ, ಇವಾನೆಯ ಮುಖ ನೋಡದೆ.

ದನದ ಗೋದಲಿಯ ಹಿಂದಿನ ಉಗ್ರಾಣದಲ್ಲಿ ಅವನು ಮೂಟೆ ಇಳಿಸಿದ. ಒಂದು ಬಟ್ಟಲು ಉಪ್ಪನ್ನು ನತೇಲಳಿಗೆ ಕೊಟ್ಟು ಕಳಿಸಿ, ಮರೇಖಿ ಬಾಗಿಲಿಗೆ ಅಡ್ಡ ನಿಂತಳು. ಸೊಂಟದಿಂದ ಗಂಟು ತೆಗೆದು ಅವನ ಮುಂದೆ ಹಿಡಿದಳು.

"ಇದು ಅತ್ತೆಯ ಹೆಣದ ಅಂಗಿ ಒಳಗಿತ್ತು. ದಾರ ಕಟ್ಟಿರೋದು ನಿಮ್ಮ ಕಡೆಯ ಬೇಟೆಗಾರರ ಗಂಟು. ನಿಂದೇ ಅಲ್ವಾ?"

ಇವಾನೆ ಅದನ್ನು ಮುಟ್ಟಲಿಲ್ಲ. "ಇನ್ನೂ ಇಟ್ಟಿದ್ಲಾ?" ಎಂದ.

*

ರಾಜಿಯಾದ ವರ್ಷ, ಸುಗ್ಗಿ ಮುಗಿದ ಮೇಲೆ, ಅವನು ಮೊದಲ ಸಲ ಈ ಹೊಸ್ತಿಲಿಗೆ ಬಂದಿದ್ದ. ಕೈಯಲ್ಲಿ ಇದೇ ಗಂಟು. ಮರೇಖಿ ಅವನ ಮುಖಕ್ಕೇ ಅಂದಿದ್ದಳು: "ಒಂದು ಹಿಡಿ ಉಪ್ಪು ಹೊತ್ತು ತರೋಕೆ ಬೆಟ್ಟ ದಾಟಿ ಹೋಗಿದ್ಯಾ? ನಿಮ್ಮೂರಲ್ಲಿ ಗಂಡಸರಿಗೆ ಇಷ್ಟೇನಾ ಬಲ?"

ಗುಲ್ಕಾನ್ ನಗಲಿಲ್ಲ. ಗಂಟನ್ನೂ ಅವನನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ತೆಗೆದುಕೊಂಡು ಒಳಗೆ ಹೋದಳು, ಹೊರಗೆ ಬರಲಿಲ್ಲ. ಮಾರನೆಯ ವರ್ಷದಿಂದ ಅವನು ಮೂಟೆಯನ್ನೇ ತರುತ್ತಿದ್ದ. ಬಂದವನು ಎರಡು ದಿನ ಉಳಿದು ಹುಲ್ಲು ಬಣವೆ ಹಾಕಿ, ಮಾಡಿನ ಕಲ್ಲುಹಲಗೆ ಸರಿಪಡಿಸಿ ಹೋಗುತ್ತಿದ್ದ. ಗುಲ್ಕಾನ್ ಅವನಿಗೆ ಊಟ ಹಾಕುತ್ತಿದ್ದಳು, ಮಾತು ಹಾಕುತ್ತಿರಲಿಲ್ಲ. ಒಮ್ಮೆ ಮಾಡಿನಿಂದ ಬಿದ್ದು ಅವನ ಕೈ ಮುರಿದಾಗ ಮಾತ್ರ, ಕೈಕಟ್ಟುತ್ತಾ, "ಎಲ್ಲಿ ನೋಡ್ಕೊಂಡು ಕಾಲಿಡ್ತೀಯೋ ಕತ್ತೆ" ಎಂದು ಬೈದಿದ್ದಳು. ಬೈದವಳು ಆ ದಿನವೆಲ್ಲ ಸಿಡಿಮಿಡಿಗುಟ್ಟುತ್ತಲೇ ಇದ್ದಳು.

*

"ಅವತ್ತು ನನ್ನ ಬಾಯಿಗೆ ಸಿಕ್ಕಿದ್ದು ಹಿಟ್ಟು, ಅತ್ತಿಗೆ" ಎಂದ ಇವಾನೆ.

ಮರೇಖಿಯ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. "ನಿನಗೆ ಗೊತ್ತಿತ್ತಾ?"

"ನಾಲಿಗೆ ಇದ್ದೋನಿಗೆ ಗೊತ್ತಾಗಲ್ವಾ?"

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ಅಂಗಳದಲ್ಲೇ ಎರಡೂ ಕಡೆಯವರು ಕತ್ತಿ ಹಿರೀತಿದ್ರು." ಅವನು ಮೂಟೆಯ ಮೇಲೆ ಕೂತ. "ಮೀಖಾನ್ನ ಹೊಡೆದಾಗಿನಿಂದ ಉಂಡಿದ್ದು ಹೊಟ್ಟೇಲಿ ನಿಲ್ತಾ ಇರ್ಲಿಲ್ಲ ನನಗೆ. ಅವತ್ತು ಆ ಹಿಟ್ಟು ನಿಂತಿತು. ಯಾಕೆ ಅಂತ ಗೊತ್ತಿಲ್ಲ. ಸುಗ್ಗಿ ಆದ್ಮೇಲೆ ಇದನ್ನ ತಂದೆ. ಈಗಲಾದ್ರೂ ಹಾಕ್ಕೊಳ್ಳಲಿ, ನಾವಿಬ್ಬರೇ ಇರೋವಾಗ, ಅಂತ. ಅವಳು ಹಾಕ್ಕೊಳ್ಳಲಿಲ್ಲ. ಎಸೀಲೂ ಇಲ್ಲ. ವರ್ಷಾ ವರ್ಷಾ ಕೇಳೋಣ ಅಂತ ಬಂದೆ. ಬಾಯಿ ಬರ್ಲಿಲ್ಲ."

"ರಾಜಿ ಆಗಿಲ್ಲ ಅಂತ ಗೊತ್ತಿದ್ದೂ ಕತ್ತಿ ಹೊರಗಿಟ್ಟು ಈ ಮನೆಯೊಳಗೆ ಬರ್ತಿದ್ಯಾ?"

"ಬರ್ತಿದ್ದೆ."

ಮರೇಖಿಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ ಗಂಟನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಅವಳು ಆಯುಧದಂತೆ ಬಚ್ಚಿಟ್ಟಿದ್ದು ಇವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಅವಳ ಮನೆಯ ಮಾಡು ಹೊದಿಸಿದ್ದ.

"ಈಗ ಹೊರಗೆ ಹೋಗಿ ನನ್ನ ಮಗನಿಗೆ ಹೇಳಿದ್ರೆ?"

"ಹೇಳು. ಅದು ನಿನ್ನ ಹಕ್ಕು. ಅಮ್ಮನ್ನ ಹೊತ್ತು ಮುಗಿಸೋವರೆಗೆ ತಡಿ, ಅಷ್ಟೇ."

"ನಿನ್ನ ದೊಡ್ಡ ಮಗನಿಗೆ ಎಷ್ಟು ವರ್ಷ?"

"ಹದಿನೈದು."

ಮೂರು ವರ್ಷ, ಎಂದು ಮರೇಖಿಯ ಮನಸ್ಸು ತಾನಾಗಿಯೇ ಎಣಿಸಿತು. ಆ ಹುಡುಗನಿಗೆ ಹದಿನೆಂಟಾಗಲು ಮೂರು ವರ್ಷ. ಅಷ್ಟರಲ್ಲಿ ಯಾರಾದರೂ ಅವನ ಮುಂದೆ ಇವಾನೆಯ ಅಂಗಿಯನ್ನು ಹರಡಿರುತ್ತಾರೆ. ಆಮೇಲೆ ಓತರ್ ಸಾಯುವ ಸರದಿ.

*

ಚಟ್ಟವನ್ನು ಅಂಗಳದ ಚಪ್ಪಡಿಯ ಮೇಲೆ ಇಟ್ಟಿದ್ದರು. ಪಾದ್ರಿಯ ಓದು ಮುಗಿದಿತ್ತು. ಗಂಡಸರು ಮಾತಿಲ್ಲದ ಸಾವಿನ ಹಾಡನ್ನು ಗಂಟಲಲ್ಲೇ ಎಳೆಯುತ್ತಿದ್ದರು. ಇವಾನೆ ತಲೆಯ ಕಡೆ ಬಂದ ತಕ್ಷಣ ಹಾಡು ನಿಂತಿತು.

ಓತರ್ ಅವನ ಹಿಂದೆ ಬಂದು ನಿಂತ. ಕತ್ತಿ ಒರೆಯಲ್ಲಿರಲಿಲ್ಲ, ಕೈಯಲ್ಲಿತ್ತು.

"ಅಮ್ಮ, ಕಡೇ ಸಲ ಕೇಳ್ತೀನಿ. ಮಣ್ಣು ಬಿದ್ದ ಮೇಲೆ ಕೇಳಲ್ಲ. ಅವತ್ತು ಎಲ್ಲ ಸರಿಯಾಗಿ ಆಯ್ತಾ?"

"ಇಲ್ಲ" ಎಂದಳು ಮರೇಖಿ.

ಚೊರ್ಲಾನ ಕೋಲು ಕೆಳಗೆ ಬಿತ್ತು. ಇವಾನೆ ತಿರುಗಿಯೂ ನೋಡಲಿಲ್ಲ.

"ಆಗಲಿಲ್ಲ. ಅವತ್ತು ಅತ್ತೆ ಹಾಕ್ಕೊಂಡಿದ್ದು ಉಪ್ಪಲ್ಲ, ಹಿಟ್ಟು. ನಾನು ನೋಡಿದ್ದೆ. ತುಟಿ ಮುಟ್ಟಿಸಿದೋನು ಇವನು, ಇವನಿಗೂ ಗೊತ್ತಿತ್ತು." ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಹಳೆಯ ದಾರ ತುಂಡಾಯಿತು. "ಇದು ಉಪ್ಪು."

ಯಾರಾದರೂ ತಡೆಯುವ ಮೊದಲೇ ಅವಳು ಹೆಣದ ಅಂಗಿಯ ಕೊರಳು ಸಡಿಲಿಸಿ, ಗುಲ್ಕಾನಳ ಎದೆಯ ಮೇಲೆ ಗಂಟನ್ನು ಬೋರಲು ಹಾಕಿದಳು. ಬೂದು ಹರಳುಗಳು ತಣ್ಣಗಿನ ಚರ್ಮದ ಮೇಲೆ ಹರಡಿದವು. ಕೆಲವು ಉರುಳಿ ಚಪ್ಪಡಿಗೆ ಬಿದ್ದವು.

"ಸತ್ತೋಳು ತಾಯಿ ಆಗ್ತಾಳಾ?" ಓತರನ ದನಿ ಸೀಳಿತು. "ಅಜ್ಜ, ಹೇಳು! ಕಟ್ಟಳೆ ನಿನ್ನ ಬಾಯಲ್ಲೇ ಇದೆಯಲ್ಲ, ಹೇಳು!"

"ನನಗೆ ಗೊತ್ತಿಲ್ಲ ಕಣೋ" ಎಂದ ಚೊರ್ಲಾ. "ಇಂಥದ್ದು ನಾನು ಕಂಡಿಲ್ಲ." ಅವನು ಮರೇಖಿಯ ಕಡೆ ನೋಡಿದ. "ಆ ಗಂಟು ಎಲ್ಲಿತ್ತು?"

ಉತ್ತರ ಕೊಟ್ಟವಳು ನತೇಲ. "ಅವಳ ಹೆಣದ ಅಂಗಿ ಮಡಿಕೆ ಒಳಗೆ. ನನ್ನ ಕಣ್ಣೆದುರೇ ಬಿತ್ತು. ಆ ಅಂಗಿ ನೇಯ್ದೋಳೂ ಅವಳೇ, ಮಡಚಿಟ್ಟೋಳೂ ಅವಳೇ. ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

ಚೊರ್ಲಾ ಕೆಳಗೆ ಬಿದ್ದಿದ್ದ ಕೋಲನ್ನು ಎತ್ತಿಕೊಂಡ. ಮೂರಡಿ ದೂರದಲ್ಲಿ ನಿಂತೂ ತಾನು ಏನೂ ಕಾಣಲಿಲ್ಲವೆಂಬುದು ಅವನಿಗೆ ಈಗ ಗೊತ್ತಾಗಿತ್ತು.

"ಮಣ್ಣು ಬೀಳೋವರೆಗೆ ಅವಳು ಈ ಮನೆಯೋಳೇ" ಎಂದ ಕಡೆಗೆ. "ತನ್ನ ಜೊತೆಗೇ ಕಟ್ಟಿಟ್ಕೊಂಡಿದ್ದಾಳೆ. ಆಗುತ್ತೆ. ಇವಾನೆ, ಬಾಗು."

ಇವಾನೆ ಮೊಣಕಾಲೂರಿ ಬಾಗಿದ. ಅವನ ಬರಿ ಕುತ್ತಿಗೆ ಓತರನ ಮುಂದಿತ್ತು, ಒಂದು ಮೊಳ ದೂರದಲ್ಲಿ. ಮರೇಖಿ ಇವಾನೆಯನ್ನು ನೋಡಲಿಲ್ಲ. ಮಗನ ಕೈಯನ್ನು ನೋಡುತ್ತಿದ್ದಳು. ಬೆರಳ ಗೆಣ್ಣು ಬಿಳಿಚಿಕೊಂಡಿತ್ತು. ಒಂದು ಸಲ. ಕತ್ತಿಯ ಮೊನೆ ಅಲುಗಿತು. ಎರಡು ಸಲ. ಇವಾನೆಯ ಬೆನ್ನು ಸೆಟೆಯಿತು, ಹತ್ತೊಂಬತ್ತು ವರ್ಷದ ಹಿಂದಿನ ಹಾಗೆಯೇ. ಮೂರನೆಯ ಸಲ ಬಾಗಿದವನು ಬೇಗ ಏಳಲಿಲ್ಲ.

"ನೀನು ತಾಯಿ" ಎಂದ. ಉಳಿದದ್ದು ಕೇಳಿಸಲಿಲ್ಲ. ಎದ್ದಾಗ ಅವನ ತುಟಿಗೆ ಹರಳು ಅಂಟಿತ್ತು.

"ಎತ್ತಿ" ಎಂದ ಚೊರ್ಲಾ.

ಕಾಲಿನ ಕಡೆ ಇಬ್ಬರು ಹಿಡಿದರು. ತಲೆಯ ಕಡೆ ಎಡಗೋಲನ್ನು ಇವಾನೆ ಹಿಡಿದ. ಬಲಗೋಲು ಖಾಲಿ ಇತ್ತು. ಹಸಿ ಬರ್ಚ್ ಮರದ ಕೋಲು, ತೊಡೆಯಷ್ಟು ದಪ್ಪ. ಒಂದು ಕೈಯಲ್ಲಿ ಎತ್ತಲಾಗುತ್ತಿರಲಿಲ್ಲ. ಎಲ್ಲರೂ ಕಾದರು. ಓತರ್ ಕತ್ತಿಯನ್ನು ನೋಡಿದ, ಕೋಲನ್ನು ನೋಡಿದ. ಆಮೇಲೆ ಕತ್ತಿಯನ್ನು ಚಪ್ಪಡಿಯ ಮೇಲೆ ಬಿಸಾಕಿ ಎರಡೂ ಕೈಯಿಂದ ಕೋಲು ಹಿಡಿದು ಹೆಗಲಿಗೇರಿಸಿದ.

"ನಿನ್ನ ಕಡೆ ತಗ್ಗಾಯ್ತು" ಎಂದ, ಇವಾನೆಯ ಮುಖ ನೋಡದೆ. "ಮೇಲೆತ್ತು."

ಚಟ್ಟ ಬುರುಜಿನ ಪಕ್ಕದ ಇಳಿಜಾರಿನಲ್ಲಿ ಇಗರ್ಜಿಯ ಕಡೆಗೆ ಸಾಗಿತು. ಅಂಗಳ ಖಾಲಿಯಾದದ್ದೇ ತಡ, ಗುಲ್ಕಾನಳ ಕುಂಟು ಮೇಕೆ ಕೊಟ್ಟಿಗೆಯಿಂದ ಹೊರಬಂದು ಚಪ್ಪಡಿಯ ಮೇಲೆ ಬಿದ್ದ ಉಪ್ಪನ್ನು ನೆಕ್ಕತೊಡಗಿತು. ಒಂದೊಂದೇ ಹರಳು ಹುಡುಕುತ್ತಾ ಕತ್ತಿಯ ಹತ್ತಿರ ಬಂತು. ಚಟ್ಟ ಎತ್ತುವಾಗ ಉದುರಿದ ನಾಲ್ಕು ಹರಳು ಅಲಗಿನ ಮೇಲೂ ಬಿದ್ದಿದ್ದವು.

ಹೆಂಗಸರ ಹಿಂದೆ ಹೊರಟಿದ್ದ ಮರೇಖಿ ಹಿಂದಕ್ಕೆ ಬಂದಳು. ಮೇಕೆಯ ನಾಲಿಗೆ ಕುಯ್ಯದಿರಲೆಂದು ಕತ್ತಿಯನ್ನು ಕಾಲಿನಿಂದ ಆಚೆಗೆ ತಳ್ಳಿ, ಇಳಿಜಾರಿನಲ್ಲಿ ಓಡಿದಳು.